ಲೆಕ್ಕ ಸರಿ, ಚಿತ್ರ ಮಾತ್ರ ಮಂಜು: ಗೇಮ್‌ ಸ್ಕೇಲಿಂಗ್‌ ಎಲ್ಲಿ ಕೆಡುತ್ತದೆ?

320×180 ಪಿಕ್ಸೆಲ್ ಅಳತೆಯಲ್ಲಿ ಒಂದು 2ಡಿ ಗೇಮ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಪಿಕ್ಸೆಲ್ ಆರ್ಟ್ (ಒಂದೊಂದೇ ಪಿಕ್ಸೆಲ್ ಇಟ್ಟು ಬಿಡಿಸುವ ಚಿತ್ರ) ಮಾಡುವವರಿಗೆ ಈ ಅಳತೆ ಇಷ್ಟವಾಗಲು ಕಾರಣ ಇದೆ. ನಾಲ್ಕು ಪಟ್ಟು ಹಿಗ್ಗಿಸಿದರೆ (ಹೀಗೆ ಅಳತೆ ಬದಲಿಸುವುದೇ ಸ್ಕೇಲಿಂಗ್) 1280×720. ಆರು ಪಟ್ಟಿಗೆ 1920×1080. ಎಂಟಕ್ಕೆ 2560×1440, ಹನ್ನೆರಡಕ್ಕೆ 3840×2160. ಈಗ ಬಳಕೆಯಲ್ಲಿರುವ ಎಷ್ಟೋ ಪರದೆಗಳಿಗೆ ಒಂದಿಷ್ಟೂ ಉಳಿಯದೆ ಕೂರುತ್ತದೆ. 2018ರಲ್ಲಿ ಬಂದ ಸೆಲೆಸ್ಟ್ ಗೇಮ್ ಕೂಡ ಇದೇ 320×180ರದ್ದು.

ನಿಮ್ಮ ಕಂಪ್ಯೂಟರಿನಲ್ಲಿ ಗೇಮ್ ಚೂಪಾಗಿಯೇ ಕಾಣುತ್ತದೆ. ಗೆಳೆಯರಿಗೆ ಆಡಲು ಕೊಟ್ಟ ಮೇಲೆ ದೂರು ಶುರುವಾಗುತ್ತದೆ. ಒಬ್ಬರಿಗೆ ಎಲ್ಲವೂ ಮಂಜು ಮಂಜು. ಇನ್ನೊಬ್ಬರಿಗೆ ಪಾತ್ರ ನಡೆದಂತೆಲ್ಲ ಅದರ ಕಣ್ಣು ಒಮ್ಮೆ ಅಗಲ, ಒಮ್ಮೆ ಕಿರಿದು. ಮತ್ತೊಬ್ಬರು ಒಂದು ಬಟನ್ ಒತ್ತಿದರೆ ಪಕ್ಕದ್ದು ಒತ್ತಿಕೊಳ್ಳುತ್ತದೆ. ನೋಡಲು ಮೂರು ಬೇರೆ ಬೇರೆ ಬಗ್‌ಗಳು. ಬೇರು ಒಂದೇ. ಚಿತ್ರದ ಅಳತೆ ನಿಮಗೆ ಗೊತ್ತಿಲ್ಲದ ಯಾವುದೋ ಜಾಗದಲ್ಲೂ ಬದಲಾಗುತ್ತಿದೆ.

ಚಿತ್ರ ಫೈಲಿನಿಂದ ಕಣ್ಣಿಗೆ ಬರುವಷ್ಟರಲ್ಲಿ ಎಷ್ಟು ಕೈ ದಾಟುತ್ತದೆ ನೋಡಿ. ಮೊದಲು ಎಂಜಿನ್, ಅಂದರೆ ಗೇಮ್ ನಡೆಸುವ ಮೂಲ ಸಾಫ್ಟ್‌ವೇರ್, ಅದನ್ನು ಇಂಪೋರ್ಟ್ ಮಾಡಿ ಟೆಕ್ಸ್ಚರ್ (ಗ್ರಾಫಿಕ್ಸ್ ಕಾರ್ಡ್ ಬಳಸುವ ರೂಪದ ಚಿತ್ರ) ಮಾಡುತ್ತದೆ. ಆ ಟೆಕ್ಸ್ಚರ್ ಸ್ಪ್ರೈಟ್ (ಗೇಮ್‌ನ ಲೋಕದಲ್ಲಿ ಇಡುವ 2ಡಿ ಚಿತ್ರ) ಆಗಿ ಗೇಮ್‌ನ ಕ್ಯಾಮೆರಾದ ಮುಂದೆ ಬರುತ್ತದೆ. ಕ್ಯಾಮೆರಾ ಕಂಡದ್ದು ವಿಂಡೋದ ಬಫರ್‌ಗೆ, ಅಂದರೆ ಚಿತ್ರ ಸಿದ್ಧವಾಗುವ ಮೆಮೊರಿ ಜಾಗಕ್ಕೆ, ಹೋಗುತ್ತದೆ. ಬಫರ್ ಅನ್ನು ಆಪರೇಟಿಂಗ್ ಸಿಸ್ಟಮ್ ಪರದೆಗೆ ಹಾಕುತ್ತದೆ. ಆಮೇಲೆ ಗ್ರಾಫಿಕ್ಸ್ ಡ್ರೈವರ್, ಕೊನೆಗೆ ಮಾನಿಟರ್. ಇವರಲ್ಲಿ ಪ್ರತಿಯೊಬ್ಬರಿಗೂ ಚಿತ್ರವನ್ನು ಹಿಗ್ಗಿಸುವ, ಕುಗ್ಗಿಸುವ ಶಕ್ತಿ ಇದೆ, ಬಹುತೇಕ ಯಾರೂ ನಿಮ್ಮನ್ನು ಕೇಳಿ ಮಾಡುವುದಿಲ್ಲ. ಇಬ್ಬರು ಸೇರಿ ಹಿಗ್ಗಿಸಿದರೆ ಜೆರಾಕ್ಸ್ ಪ್ರತಿಯನ್ನು ಮತ್ತೆ ಜೆರಾಕ್ಸ್ ಮಾಡಿದ ಹಾಗೆ. ಹಾಗಾಗಿ ಮೊದಲು ಕೇಳಬೇಕಾದ್ದು ‘ಯಾವ ಫಿಲ್ಟರ್ ಹಾಕಲಿ’ (ಫಿಲ್ಟರ್ ಅಂದರೆ ಹಿಗ್ಗಿಸುವಾಗ ಪಿಕ್ಸೆಲ್‌ಗಳ ಬಣ್ಣ ನಿರ್ಧರಿಸುವ ವಿಧಾನ) ಅಂತ ಅಲ್ಲ. ‘ಅಳತೆ ಬದಲಿಸುತ್ತಿರುವವರು ಯಾರು ಯಾರು’ ಅಂತ.

ಮೊದಲು ಒಂದು ಪರೀಕ್ಷಾ ಚಿತ್ರ

ಗೇಮ್‌ನ ಸುಂದರ ಚಿತ್ರಗಳನ್ನು ನೋಡುತ್ತಾ ತೊಂದರೆ ಹುಡುಕುವುದು ಕಷ್ಟ. ಅದರ ಬದಲು 320×180 ಅಳತೆಯ ಒಂದು ಚಿತ್ರ ಮಾಡಿ. ಒಳಗೆಲ್ಲ ಒಂದೊಂದೇ ಪಿಕ್ಸೆಲ್‌ನ ಕಪ್ಪು ಬಿಳಿ ಚೌಕಗಳು. ಸುತ್ತ ಒಂದು ಪಿಕ್ಸೆಲ್ ದಪ್ಪದ ಕೆಂಪು ಗೆರೆ. ಇದನ್ನು ಗೇಮ್‌ನ ಒಳಗೆ ಪರದೆ ತುಂಬ ತೋರಿಸಿ.

ಈ ಚಿತ್ರ ಸುಳ್ಳು ಹೇಳುವುದಿಲ್ಲ. ಚೌಕಗಳೆಲ್ಲ ಒಂದೇ ಗಾತ್ರದಲ್ಲಿ, ಅಂಚು ಕತ್ತರಿಸಿದ ಹಾಗಿದ್ದರೆ ಎಲ್ಲ ಸರಿ. ಚೌಕಗಳ ಅಂಚು ಬೂದು ಬಣ್ಣಕ್ಕೆ ತಿರುಗಿದ್ದರೆ ಯಾರೋ ಮೃದುಗೊಳಿಸುವ ಫಿಲ್ಟರ್ ಹಾಕಿದ್ದಾರೆ. ಅಂಚು ಚೂಪಾಗಿದ್ದು, ಲುಂಗಿಯ ಚೌಕುಳಿಯಂತೆ ಅಲ್ಲಲ್ಲಿ ದಪ್ಪ ಪಟ್ಟೆ ಕಂಡರೆ ಪಟ್ಟು ಪೂರ್ಣಸಂಖ್ಯೆ ಆಗಿಲ್ಲ. ಕೆಂಪು ಗೆರೆ ಒಂದೇ ಬದಿಯಲ್ಲಿ ಕಾಣೆಯಾಗಿದ್ದರೆ ಚಿತ್ರ ಅರ್ಧ ಪಿಕ್ಸೆಲ್ಲೋ ಒಂದು ಪಿಕ್ಸೆಲ್ಲೋ ಸರಿದಿದೆ. ಟಿವಿಯಲ್ಲಿ ನಾಲ್ಕೂ ಬದಿ ಕಾಣೆಯಾಗಿದ್ದರೆ ಅದು ಟಿವಿಯ ಓವರ್‌ಸ್ಕ್ಯಾನ್ (ಚಿತ್ರದ ಅಂಚನ್ನು ಟಿವಿಯೇ ಕತ್ತರಿಸುವುದು), ನಿಮ್ಮ ಕೋಡ್ ಮುಟ್ಟಬೇಡಿ.

ಈಗ ತಪ್ಪು ಯಾವ ಹಂತದ್ದು ಅಂತ ಹಿಡಿಯಬೇಕು. ಇದಕ್ಕೆ ಎರಡು ಸ್ಕ್ರೀನ್‌ಶಾಟ್ ಸಾಕು. ಒಂದನ್ನು ಗೇಮ್‌ನ ಒಳಗಿನಿಂದಲೇ ತೆಗೆಯಿರಿ, ಅಂದರೆ ಬಫರ್ ಅನ್ನು ನೇರವಾಗಿ ಫೈಲಿಗೆ ಬರೆಯಿರಿ. ಇನ್ನೊಂದನ್ನು ಕೀಬೋರ್ಡಿನ ಪ್ರಿಂಟ್ ಸ್ಕ್ರೀನ್ ಒತ್ತಿ ತೆಗೆಯಿರಿ. ಎರಡನ್ನೂ ಪೇಂಟ್‌ನಲ್ಲಿ ತೆರೆದು ಹಿಗ್ಗಿಸಿ ನೋಡಿ.

ಗೇಮ್ ತೆಗೆದ ಚಿತ್ರವೇ ಮಂಜಾಗಿದ್ದರೆ ತಪ್ಪು ಎಂಜಿನ್ ಒಳಗಿದೆ. ಅದು ಚೂಪಾಗಿದ್ದು ಪ್ರಿಂಟ್ ಸ್ಕ್ರೀನ್ ಚಿತ್ರ ಮಂಜಾಗಿದ್ದರೆ ಆಪರೇಟಿಂಗ್ ಸಿಸ್ಟಮ್ ಎಳೆದಾಡುತ್ತಿದೆ. ಎರಡೂ ಚೂಪಾಗಿದ್ದು ಕಣ್ಣಿಗೆ ಮಾತ್ರ ಮಂಜಾಗಿ ಕಂಡರೆ ಡ್ರೈವರ್ ಅಥವಾ ಮಾನಿಟರ್‌ನ ಕೆಲಸ. ಉದಾಹರಣೆಗೆ ಪರದೆಯ ರೆಸಲ್ಯೂಶನ್ ಅನ್ನೇ 1280×720ಕ್ಕೆ ಇಳಿಸಿ ಫುಲ್‌ಸ್ಕ್ರೀನ್ ಹೋಗುವ ಗೇಮ್‌ಗಳಲ್ಲಿ ಹೀಗಾಗುತ್ತದೆ. ಆ 720 ಗೆರೆಯನ್ನು 1080ಕ್ಕೆ ಹಿಗ್ಗಿಸುವುದು ಮಾನಿಟರ್‌ನ ಒಳಗಿನ ಚಿಪ್, ಯಾವ ಸ್ಕ್ರೀನ್‌ಶಾಟಿಗೂ ಅದು ಸಿಕ್ಕುವುದಿಲ್ಲ. ಪರದೆಯ ರೆಸಲ್ಯೂಶನ್ ಮುಟ್ಟದೆ, ಪೂರ್ತಿ ಪರದೆಯಷ್ಟೇ ದೊಡ್ಡದಾದ ಅಂಚಿಲ್ಲದ ವಿಂಡೋ ತೆರೆಯುವುದು ಇದಕ್ಕೆ ಸುಲಭದ ದಾರಿ.

ಎರಡೂ ಸ್ಕ್ರೀನ್‌ಶಾಟ್‌ಗಳ ಅಳತೆಯನ್ನೂ ಬರೆದಿಟ್ಟುಕೊಳ್ಳಿ. ಎಷ್ಟೋ ಸಲ ಈ ಎರಡು ಸಂಖ್ಯೆಗಳಲ್ಲೇ ಉತ್ತರ ಇರುತ್ತದೆ.

ವಿಂಡೋಸ್ ನಿಮ್ಮ ಗೇಮ್‌ಗೆ ಹೇಳುವ ಸುಳ್ಳು

ಜಾಸ್ತಿ ಜನರನ್ನು ಕಾಡುವ ತೊಂದರೆ ಇದೇ ಇರಬೇಕು, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಸಣ್ಣ ಪರದೆಯಲ್ಲಿ 1920×1080 ಇದ್ದರೆ ಅಕ್ಷರಗಳು ಇರುವೆಯಷ್ಟಾಗುತ್ತವೆ. ಅದಕ್ಕೇ ವಿಂಡೋಸ್‌ನಲ್ಲಿ ಡಿಸ್‌ಪ್ಲೇ ಸ್ಕೇಲ್ ಅಂತ ಒಂದು ಸೆಟ್ಟಿಂಗ್ ಇದೆ: 100%, 125%, 150%. 100% ಅಂದರೆ 96 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ), 125% ಅಂದರೆ 120, 150% ಅಂದರೆ 144. ಎಷ್ಟೋ ಲ್ಯಾಪ್‌ಟಾಪ್‌ಗಳು ಮೊದಲ ದಿನದಿಂದಲೇ 125 ಅಥವಾ 150ರಲ್ಲಿರುತ್ತವೆ. ಬಳಸುವವರಿಗೆ ಇದು ಗೊತ್ತೇ ಇರುವುದಿಲ್ಲ. ನಿಮ್ಮ ಮೇಜಿನ ದೊಡ್ಡ ಮಾನಿಟರ್ 100ರಲ್ಲಿರುತ್ತದೆ. ‘ನನ್ನ ಹತ್ರ ಸರಿಯಾಗೇ ಇದೆಯಲ್ಲ’ ಅನ್ನುವ ಮಾತು ಹುಟ್ಟುವುದು ಇಲ್ಲಿಂದ.

ಡಿಪಿಐ ವಿಚಾರ ನಾನೇ ನೋಡಿಕೊಳ್ಳುತ್ತೇನೆ ಅಂತ ಪ್ರೋಗ್ರಾಂ ಮೊದಲೇ ತಿಳಿಸಬೇಕು. ತಿಳಿಸದಿದ್ದರೆ ವಿಂಡೋಸ್ ಅದನ್ನು ಹಳೇ ಕಾಲದ ಪ್ರೋಗ್ರಾಂ ಅಂತ ತಿಳಿದು ಒಂದು ಉಪಾಯ ಮಾಡುತ್ತದೆ. ಪರದೆಯ ಅಳತೆಯನ್ನು ಸ್ಕೇಲ್‌ನಿಂದ ಭಾಗಿಸಿ, ಚಿಕ್ಕದಾಗಿ ಹೇಳುತ್ತದೆ. ಗೇಮ್ ಆ ಚಿಕ್ಕ ಅಳತೆಗೆ ಚಿತ್ರ ಬರೆಯುತ್ತದೆ. ಬಂದ ಚಿತ್ರವನ್ನು ವಿಂಡೋಸ್ ತಾನೇ ಮೃದುಗೊಳಿಸಿ ಹಿಗ್ಗಿಸುತ್ತದೆ.

ಲೆಕ್ಕ ಹಾಕಿ ನೋಡೋಣ. ಪರದೆ 1920×1080, ಸ್ಕೇಲ್ 125%. ಗೇಮ್‌ಗೆ ಕಾಣುವ ಪರದೆ 1536×864. ನಿಮ್ಮ 180 ಗೆರೆಗೆ ಅದು 4.8 ಪಟ್ಟು. ಪೂರ್ಣಸಂಖ್ಯೆ ಆಗಲಿಲ್ಲ, ಚಿತ್ರ ಕೆಟ್ಟಿತು. ಲಾಗ್ (ಗೇಮ್ ತನ್ನ ಕೆಲಸ ಬರೆದಿಡುವ ಫೈಲ್) ನೋಡಿದರೆ 4.8 ಕಾಣಿಸುತ್ತದೆ, ಕನಿಷ್ಠ ಅನುಮಾನವಾದರೂ ಬರುತ್ತದೆ.

150% ಇದ್ದಾಗ ಇನ್ನೂ ತಮಾಷೆ. ಗೇಮ್‌ಗೆ ಕಾಣುವ ಪರದೆ 1280×720. ಸರಿಯಾಗಿ ನಾಲ್ಕು ಪಟ್ಟು! ಎಂಜಿನ್‌ಗೆ ಸಂತೋಷ, ಲಾಗ್‌ನಲ್ಲೂ 4 ಅಂತಲೇ ಇದೆ. ಅದಾದ ಮೇಲೆ ವಿಂಡೋಸ್ ಒಂದೂವರೆ ಪಟ್ಟು ಹಿಗ್ಗಿಸುತ್ತದೆ. ನಾಲ್ಕು ಗುಣಿಸು ಒಂದೂವರೆ, ಆರು. ಒಟ್ಟು ಪಟ್ಟು ನಿಮಗೆ ಬೇಕಾದಷ್ಟೇ ಇದೆ, ಪಿಕ್ಸೆಲ್ ಗಾತ್ರವೂ ಅಷ್ಟೇ ಇದೆ. ಆದರೂ ಪ್ರತಿ ಅಂಚೂ ಕಲಸಿಹೋಗಿದೆ, ಏಕೆಂದರೆ ಆ ಒಂದೂವರೆ ಪಟ್ಟು ಬೇರೆಯವರ ಕೈಯಲ್ಲಿ, ಬೇರೆ ಫಿಲ್ಟರ್‌ನಲ್ಲಿ ನಡೆದಿದೆ. ಎಂಜಿನ್ ಒಳಗೆ ಎಷ್ಟು ಹುಡುಕಿದರೂ ಇದು ಸಿಗುವುದಿಲ್ಲ.

ಗುಮಾನಿ ಇದ್ದರೆ ಖಾತ್ರಿ ಮಾಡಿಕೊಳ್ಳುವುದು ಸುಲಭ. ಗೇಮ್‌ನ ಎಕ್ಸಿಕ್ಯೂಟಬಲ್ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅಲ್ಲಿಂದ ಹೈ ಡಿಪಿಐ ಸೆಟ್ಟಿಂಗ್‌ಗೆ ಹೋಗಿ. ಸ್ಕೇಲಿಂಗ್ ಅನ್ನು ಅಪ್ಲಿಕೇಶನ್ ನೋಡಿಕೊಳ್ಳಲಿ ಅಂತ ಬದಲಿಸಿ. ಚಿತ್ರ ತಟ್ಟನೆ ಚೂಪಾದರೆ ಕಳ್ಳ ಸಿಕ್ಕಿದ. ಆದರೆ ಇದನ್ನೇ ಪರಿಹಾರ ಅಂತ ಆಟಗಾರರಿಗೆ ಹೇಳಬೇಡಿ, ಅವರು ಯಾರೂ ಅಷ್ಟು ದೂರ ಹೋಗುವುದಿಲ್ಲ. ಸರಿಯಾದ ಪರಿಹಾರ ಪ್ರೋಗ್ರಾಂನ ಮ್ಯಾನಿಫೆಸ್ಟ್‌ನಲ್ಲಿದೆ, ಅಂದರೆ ಪ್ರೋಗ್ರಾಂ ತನ್ನ ಬಗ್ಗೆ ವಿಂಡೋಸ್‌ಗೆ ತಿಳಿಸುವ ಫೈಲಿನಲ್ಲಿ. ಅಲ್ಲಿ ಪರ್ ಮಾನಿಟರ್ ವಿ2 ಅಂತ ಘೋಷಿಸಿ. 2017ರ ವಿಂಡೋಸ್ 10 ಆವೃತ್ತಿ 1703ರಿಂದ ಇದು ಇದೆ. ಒಂದು ಮಾನಿಟರಿನಿಂದ ಇನ್ನೊಂದಕ್ಕೆ ವಿಂಡೋ ಎಳೆದರೆ ಹೊಸ ಡಿಪಿಐ ಎಷ್ಟು ಅಂತಲೂ ಇದು ಗೇಮ್‌ಗೆ ತಿಳಿಸುತ್ತದೆ.

ಮ್ಯಾಕ್‌ನಲ್ಲಿ ಇದೇ ಕತೆಯ ಇನ್ನೊಂದು ರೂಪ. ರೆಟಿನಾ ಪರದೆ ಬಂದಾಗಿನಿಂದ ಅಲ್ಲಿ ಎರಡು ಅಳತೆಗಳಿವೆ, ಪಾಯಿಂಟ್ ಮತ್ತು ಪಿಕ್ಸೆಲ್. 2012ರ ರೆಟಿನಾ ಮ್ಯಾಕ್‌ಬುಕ್ ಪ್ರೋದ ಪರದೆ 2880×1800 ಪಿಕ್ಸೆಲ್, ಪ್ರೋಗ್ರಾಂಗಳಿಗೆ ಕಾಣುತ್ತಿದ್ದದ್ದು 1440×900 ಪಾಯಿಂಟ್. ಹಾಗಾಗಿ ವಿಂಡೋದ ಅಳತೆ ಕೇಳಿದರೆ ಒಂದು ಉತ್ತರ, ಬಫರ್‌ನ ಅಳತೆ ಕೇಳಿದರೆ ಅದರ ಎರಡರಷ್ಟು. ವಿಂಡೋ ತೆರೆಯಲು, ಚಿತ್ರ ಬರೆಯಲು ಗೇಮ್‌ಗಳು ಬಳಸುವ ಎಸ್‌ಡಿಎಲ್ ತರಹದ ಲೈಬ್ರರಿಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ಫಂಕ್ಷನ್‌ಗಳಿವೆ. ವ್ಯೂಪೋರ್ಟ್‌ಗೆ (ಬಫರ್‌ನಲ್ಲಿ ಚಿತ್ರ ಬರೆಯುವ ಚೌಕಟ್ಟಿಗೆ) ಬಫರ್ ಅಳತೆ ಕೊಡುವ ಜಾಗದಲ್ಲಿ ವಿಂಡೋ ಅಳತೆ ಕೊಟ್ಟರೆ, ಓಪನ್‌ಜಿಎಲ್ ಅನ್ನುವ ಗ್ರಾಫಿಕ್ಸ್ ವ್ಯವಸ್ಥೆ ಬಳಸುವ ಗೇಮ್ ವಿಂಡೋದ ಎಡ ಕೆಳಮೂಲೆಯ ಕಾಲು ಭಾಗದಲ್ಲಿ ಮುದುಡಿ ಕೂರುತ್ತದೆ. ಈ ದೃಶ್ಯ ಕಂಡರೆ ಬೇರೇನೂ ಹುಡುಕಬೇಡಿ.

ಬ್ರೌಸರ್ ಗೇಮ್‌ಗಳಲ್ಲೂ ಹೀಗೇ. ಗೇಮ್ ಚಿತ್ರ ಬರೆಯುವ ಕ್ಯಾನ್ವಾಸ್‌ಗೆ ಎರಡು ಅಳತೆ: ಅದರ ಒಳಗಿನ ಪಿಕ್ಸೆಲ್‌ಗಳದ್ದು ಒಂದು, ಪುಟದ ವಿನ್ಯಾಸ ಹೇಳುವ ಸಿಎಸ್‌ಎಸ್ ಕೊಟ್ಟದ್ದು ಇನ್ನೊಂದು. ಒಳಗಿನದ್ದನ್ನು ಕೊಡದೇ ಬಿಟ್ಟರೆ ಅದು 300×150 ಆಗಿರುತ್ತದೆ, ಸಿಎಸ್‌ಎಸ್ ಅದನ್ನೇ ಪುಟದಷ್ಟು ಎಳೆಯುತ್ತದೆ. ಸಾಲದ್ದಕ್ಕೆ ಡಿವೈಸ್ ಪಿಕ್ಸೆಲ್ ರೇಶಿಯೋ (ಸಿಎಸ್‌ಎಸ್‌ನ ಒಂದು ಪಿಕ್ಸೆಲ್‌ಗೆ ಪರದೆಯ ಎಷ್ಟು ಪಿಕ್ಸೆಲ್ ಅನ್ನುವ ಲೆಕ್ಕ) ಬೇರೆ. ಯಾರಾದರೂ ಕಂಟ್ರೋಲ್ ಒತ್ತಿ ಪುಟ ಝೂಮ್ ಮಾಡಿದರೂ ಈ ಸಂಖ್ಯೆ ಬದಲಾಗುತ್ತದೆ.

1366×768 ಅನ್ನುವ ತಲೆನೋವು

ಈಗ ಎರಡನೇ ದೂರು, ಅಗಲ ಕಿರಿದಾಗುವ ಕಣ್ಣು. ಹಳೆಯ, ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ 1366×768 ಪರದೆ ತುಂಬ ಸಾಮಾನ್ಯ. ನಮ್ಮ ಗೇಮ್ ಅಲ್ಲಿ ಪೂರ್ತಿ ತುಂಬಬೇಕಾದರೆ ಸುಮಾರು 4.27 ಪಟ್ಟು ಹಿಗ್ಗಬೇಕು.

ಪರದೆಯಲ್ಲಿ 0.27 ಪಿಕ್ಸೆಲ್ ಅನ್ನುವುದು ಇಲ್ಲವಲ್ಲ. ಹತ್ತಿರದ ಪಿಕ್ಸೆಲ್‌ನ ಬಣ್ಣವನ್ನೇ ತೆಗೆದುಕೊಳ್ಳುವ ನಿಯರೆಸ್ಟ್ ಫಿಲ್ಟರ್ ಇದ್ದರೆ ಗೇಮ್‌ನ 320 ಕಂಬ ಸಾಲುಗಳಲ್ಲಿ 234 ಸಾಲುಗಳಿಗೆ ನಾಲ್ಕು ಪಿಕ್ಸೆಲ್ ಅಗಲ ಸಿಗುತ್ತದೆ, ಉಳಿದ 86ಕ್ಕೆ ಐದು. ಒಟ್ಟು 1366. ಪಾತ್ರದ ಕಣ್ಣು ಒಂದೇ ಪಿಕ್ಸೆಲ್ ಇದ್ದರೆ, ನಾಲ್ಕರ ಸಾಲಿನಿಂದ ಐದರ ಸಾಲಿಗೆ ಬಂದಾಗ ಅದು ಕಾಲು ಭಾಗ ದಪ್ಪವಾಗುತ್ತದೆ. ನಡೆದಂತೆಲ್ಲ ಮಿಣಕ್ ಮಿಣಕ್. ನಿಂತ ಚಿತ್ರದಲ್ಲಿ ಇದು ಅಷ್ಟು ಕಾಣುವುದಿಲ್ಲ, ಅದಕ್ಕೇ ಸ್ಕ್ರೀನ್‌ಶಾಟ್ ಕಳಿಸಿ ಅಂದರೆ ದೂರು ಕೊಟ್ಟವರೇ ಪೆಚ್ಚಾಗುತ್ತಾರೆ.

ಒಂದು ದಾರಿ, ನಾಲ್ಕೇ ಪಟ್ಟು ಹಿಗ್ಗಿಸಿ ಉಳಿದದ್ದನ್ನು ಕಪ್ಪು ಬಿಡುವುದು. ಎಡ ಬಲ 43 ಪಿಕ್ಸೆಲ್, ಮೇಲೆ ಕೆಳಗೆ 24. ಇಷ್ಟು ಕಪ್ಪು ಪಟ್ಟಿ ಎರಡು ನಿಮಿಷ ಆಡಿದ ಮೇಲೆ ಯಾರ ಗಮನಕ್ಕೂ ಬರುವುದಿಲ್ಲ. ಇನ್ನೊಂದು ದಾರಿ, ಮೊದಲು ನಿಯರೆಸ್ಟ್‌ನಲ್ಲಿ ಐದು ಪಟ್ಟು ಹಿಗ್ಗಿಸಿ 1600×900 ಮಾಡಿ, ಅದನ್ನು ಅಕ್ಕಪಕ್ಕದ ಬಣ್ಣ ಬೆರೆಸುವ ಬೈಲೀನಿಯರ್ ಫಿಲ್ಟರ್‌ನಲ್ಲಿ 1366×768ಕ್ಕೆ ಕುಗ್ಗಿಸುವುದು. ಪಿಕ್ಸೆಲ್‌ನ ಒಳಭಾಗ ಗಟ್ಟಿಯಾಗಿಯೇ ಉಳಿಯುತ್ತದೆ, ಅಂಚು ಮಾತ್ರ ಒಂದಿಷ್ಟು ಮೆತ್ತಗಾಗುತ್ತದೆ, ಮಿಣುಕು ಹೋಗುತ್ತದೆ. ನನ್ನ ಕೇಳಿದರೆ ಮೊದಲನೆಯದನ್ನು ಡೀಫಾಲ್ಟ್ ಮಾಡಿ, ಎರಡನೆಯದನ್ನು ಸೆಟ್ಟಿಂಗ್ಸ್‌ನಲ್ಲಿ ಇಡಿ ಅನ್ನುತ್ತೇನೆ. 2019ರಿಂದ ಎನ್‌ವಿಡಿಯಾ, ಇಂಟೆಲ್ ಡ್ರೈವರ್‌ಗಳಲ್ಲೇ ಇಂಟೀಜರ್ ಸ್ಕೇಲಿಂಗ್ (ಪೂರ್ಣಸಂಖ್ಯೆಯ ಪಟ್ಟಷ್ಟೇ ಹಿಗ್ಗಿಸುವುದು) ಇದೆಯಾದರೂ ಅದು ಎಲ್ಲ ಕಾರ್ಡ್‌ಗಳಿಗೂ ಇಲ್ಲ. ಅದನ್ನು ನಂಬಿ ಕೂರಬೇಡಿ.

ಪಟ್ಟು ಸರಿಯಿದ್ದೂ ನಡಿಗೆಯಲ್ಲಿ ನಡುಕ ಇದ್ದರೆ ಕ್ಯಾಮೆರಾ ನೋಡಿ. ಪಾತ್ರದ ಜಾಗ 10.37, ಕ್ಯಾಮೆರಾ ಜಾಗ 4.81 ಹೀಗೆಲ್ಲ ಇದ್ದಾಗ ಎರಡನ್ನೂ ಬೇರೆ ಬೇರೆಯಾಗಿ ಪೂರ್ಣಸಂಖ್ಯೆಗೆ ತಂದರೆ ಒಂದು ಫ್ರೇಮ್‌ನಲ್ಲಿ ಪಾತ್ರ ಮುಂದೆ, ಇನ್ನೊಂದರಲ್ಲಿ ಹಿನ್ನೆಲೆ ಮುಂದೆ. ಲೆಕ್ಕದಲ್ಲಿ ದಶಮಾಂಶ ಹಾಗೇ ಇರಲಿ, ಚಿತ್ರ ಬರೆಯುವ ಕ್ಷಣದಲ್ಲಿ ಮಾತ್ರ ಕ್ಯಾಮೆರಾವನ್ನು ಪೂರ್ಣ ಪಿಕ್ಸೆಲ್‌ಗೆ ಕೂರಿಸಿ. ಉಳಿದ ಚೂರನ್ನು ಹಿಗ್ಗಿಸಿದ ಕೊನೆಯ ಚಿತ್ರವನ್ನು ಸರಿಸಲು ಬಳಸಬಹುದು. ಆಗ ಕ್ಯಾಮೆರಾ ಎಣ್ಣೆ ಹಾಕಿದ ಹಾಗೆ ಸರಾಗವಾಗಿ ಓಡುತ್ತದೆ. ಅಂಚಿನಲ್ಲಿ ಖಾಲಿ ಜಾಗ ಕಾಣದಿರಲು ಸುತ್ತ ಒಂದೊಂದು ಪಿಕ್ಸೆಲ್ ಜಾಸ್ತಿ, ಅಂದರೆ 322×182 ಬರೆದುಕೊಳ್ಳಿ.

ಮೂರನೇ ದೂರು, ಪಕ್ಕದ ಬಟನ್. ಮೌಸ್ ಹೇಳುವುದು ವಿಂಡೋದ ಜಾಗ, ಬಟನ್ ಇರುವುದು ಗೇಮ್‌ನ ಜಾಗದಲ್ಲಿ. ಮೊದಲು ಕಪ್ಪು ಪಟ್ಟಿಯಷ್ಟು ಕಳೆಯಬೇಕು, ಆಮೇಲೆ ಎಷ್ಟು ಪಟ್ಟು ಹಿಗ್ಗಿಸಿದ್ದೀರೋ ಅಷ್ಟರಿಂದ ಭಾಗಿಸಬೇಕು. 1366×768 ಪರದೆಯ ನಟ್ಟನಡುವೆ, 683, 384ರಲ್ಲಿ ಕ್ಲಿಕ್ ಆದರೆ 43 ಮತ್ತು 24 ಕಳೆದು ನಾಲ್ಕರಿಂದ ಭಾಗಿಸಿ. 160, 90 ಬರುತ್ತದೆ, ಗೇಮ್‌ನ ನಟ್ಟನಡುವೆ. ಎಲ್ಲಿ ಒತ್ತಿದರೂ ತಪ್ಪು ಅಷ್ಟೇ ಇದ್ದರೆ ಪಟ್ಟಿ ಕಳೆಯುವುದು ಬಿಟ್ಟುಹೋಗಿದೆ. ಎಡ ಮೇಲ್ಮೂಲೆಯಲ್ಲಿ ಸರಿ ಇದ್ದು ಬಲ ಕೆಳಗೆ ಹೋದಂತೆ ತಪ್ಪು ಬೆಳೆಯುತ್ತಾ ಹೋದರೆ ಭಾಗಿಸುವ ಸಂಖ್ಯೆ ತಪ್ಪು. ಬಹುಶಃ ಅಲ್ಲೂ ಡಿಪಿಐ ಕೈವಾಡ ಇರುತ್ತದೆ.

ಎಂಜಿನ್ ಒಳಗಿನ ಸಣ್ಣಪುಟ್ಟ ಗುಂಡಿಗಳು

ಯೂನಿಟಿ ಅನ್ನುವ ಗೇಮ್ ಎಂಜಿನ್‌ನಲ್ಲಿ ಪಿಕ್ಸೆಲ್ ಆರ್ಟ್ ಮಂಜಾದರೆ ಮೊದಲು ಚಿತ್ರದ ಇಂಪೋರ್ಟ್ ಸೆಟ್ಟಿಂಗ್ ತೆರೆಯಿರಿ. ಫಿಲ್ಟರ್ ಮೋಡ್ ಪಾಯಿಂಟ್ (ನಿಯರೆಸ್ಟ್‌ಗೆ ಇಲ್ಲಿನ ಹೆಸರು) ಇರಬೇಕು, ಕಂಪ್ರೆಶನ್ ಬೇಡ. ಮ್ಯಾಕ್ಸ್ ಸೈಜ್ ಸುಮ್ನೆ ಬಿಟ್ಟರೆ 2048. ನಿಮ್ಮ ಸ್ಪ್ರೈಟ್ ಶೀಟ್ (ಹಲವು ಸ್ಪ್ರೈಟ್ ಒಟ್ಟಿಗಿಟ್ಟ ಚಿತ್ರ) 4096 ಅಗಲ ಇದ್ದರೆ ಯೂನಿಟಿ ಸದ್ದಿಲ್ಲದೆ ಅದನ್ನು ಅರ್ಧ ಮಾಡುತ್ತದೆ. ಹೊಸದಾಗಿ ಹತ್ತು ಪಾತ್ರ ಸೇರಿಸಿದ ದಿನವೇ ಹಳೇ ಪಾತ್ರಗಳೂ ಮಂಜಾದರೆ ಕಾರಣ ಇದೇ. ಪಿಕ್ಸೆಲ್ಸ್ ಪರ್ ಯೂನಿಟ್ 100 ಇರುತ್ತದೆ, ಅದನ್ನು ನಿಮ್ಮ ಟೈಲ್ (ಹಿನ್ನೆಲೆ ಜೋಡಿಸುವ ಚೌಕ ಚಿತ್ರ) ಅಳತೆಗೆ ತನ್ನಿ. 16 ಇಟ್ಟರೆ ಕ್ಯಾಮೆರಾದ ಆರ್ಥೋಗ್ರಾಫಿಕ್ ಸೈಜ್ (ಅದಕ್ಕೆ ಕಾಣುವ ಎತ್ತರದ ಅರ್ಧ) 180ರ ಅರ್ಧವನ್ನು 16ರಿಂದ ಭಾಗಿಸಿದಷ್ಟು, ಅಂದರೆ 5.625. ಮತ್ತೆ, ಎಡಿಟರ್‌ನ ಗೇಮ್ ವ್ಯೂ ಮೇಲೆ ಒಂದು ಸ್ಕೇಲ್ ಸ್ಲೈಡರ್ ಇದೆ. ಅದು ಒಂದಕ್ಕಿಂತ ಜಾಸ್ತಿ ಇದ್ದರೆ ನೀವು ನೋಡುತ್ತಿರುವ ಮಂಜು ಎಡಿಟರ್‌ನದ್ದು. ತೀರ್ಪು ಕೊಡುವ ಮೊದಲು ಬಿಲ್ಡ್ ಮಾಡಿ, ಅಂದರೆ ಎಡಿಟರ್ ಹೊರಗೆ ಓಡುವ ಗೇಮ್ ಫೈಲ್ ಮಾಡಿ, ನೋಡಿ.

ಗೋಡೋ 4 ಅನ್ನುವ ಇನ್ನೊಂದು ಎಂಜಿನ್‌ನಲ್ಲಿ ಕೆಲಸ ಕಡಿಮೆ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ಟೆಕ್ಸ್ಚರ್ ಫಿಲ್ಟರ್ ನಿಯರೆಸ್ಟ್, ಸ್ಟ್ರೆಚ್ ಮೋಡ್ ವ್ಯೂಪೋರ್ಟ್, ಆಸ್ಪೆಕ್ಟ್ ಕೀಪ್. 4.2ರಿಂದ ಸ್ಕೇಲ್ ಮೋಡ್ ಇಂಟೀಜರ್ ಕೂಡ ಇದೆ.

ಟೈಲ್‌ಗಳ ನಡುವೆ ಕೂದಲೆಳೆಯಷ್ಟು ಗೆರೆ ಕಂಡರೆ ಅದು ಅಟ್ಲಾಸ್‌ನಲ್ಲಿ (ಟೈಲ್‌ಗಳೆಲ್ಲ ಒಟ್ಟಿಗಿರುವ ಚಿತ್ರದಲ್ಲಿ) ಪಕ್ಕದ ಟೈಲ್‌ನ ಬಣ್ಣ ಸೋರುತ್ತಿರುವುದು. ಪ್ರತಿ ಟೈಲ್‌ನ ಅಂಚಿನ ಪಿಕ್ಸೆಲ್ಲನ್ನೇ ಹೊರಗೂ ಒಂದೆರಡು ಪಿಕ್ಸೆಲ್ ಪುನರಾವರ್ತಿಸಿದರೆ ನಿಲ್ಲುತ್ತದೆ. ಸ್ಪ್ರೈಟ್ ಸುತ್ತ ಕಪ್ಪು ಅಥವಾ ಬಿಳಿ ಪ್ರಭಾವಳಿ ಬಂದರೆ ಪಾರದರ್ಶಕ ಪಿಕ್ಸೆಲ್‌ಗಳ ಒಳಗೆ ಅಡಗಿರುವ ಬಣ್ಣ ಬೈಲೀನಿಯರ್‌ನಲ್ಲಿ ಬೆರೆಯುತ್ತಿದೆ ಅಂತ. ಪ್ರೀಮಲ್ಟಿಪ್ಲೈಡ್ ಆಲ್ಫಾ (ಬಣ್ಣವನ್ನು ಆಲ್ಫಾ, ಅಂದರೆ ಪಾರದರ್ಶಕತೆಯ ಸಂಖ್ಯೆಯಿಂದ ಮೊದಲೇ ಗುಣಿಸಿಡುವುದು) ಬಳಸಿ.

ಪರದೆಯ ಆಕಾರವೇ ಬೇರೆಯಾದಾಗ ಏನು ಮಾಡುವುದು ಅನ್ನುವುದು ಬಗ್‌ಗಿಂತ ಜಾಸ್ತಿ ವಿನ್ಯಾಸದ ಪ್ರಶ್ನೆ. 2022ರಲ್ಲಿ ಬಂದ ಸ್ಟೀಮ್ ಡೆಕ್ ಪರದೆ 1280×800. ನಾಲ್ಕು ಪಟ್ಟಿಗೆ ಅಗಲ ಸರಿಹೋಗಿ ಮೇಲೆ ಕೆಳಗೆ ನಲವತ್ತು ನಲವತ್ತು ಪಿಕ್ಸೆಲ್ ಉಳಿಯುತ್ತದೆ. 2400×1080 ಫೋನ್‌ನಲ್ಲಿ ಆರು ಪಟ್ಟಿಗೆ ಎತ್ತರ ಸರಿ, ಅಗಲದಲ್ಲಿ ಗೇಮ್‌ನ 400 ಪಿಕ್ಸೆಲ್ ಹಿಡಿಯುತ್ತದೆ. ಆ ಹೆಚ್ಚಿನ 80ರಲ್ಲಿ ಕಪ್ಪು ಬಿಡುತ್ತೀರೋ, ಗೇಮ್‌ನ ಲೋಕವನ್ನೇ ಅಷ್ಟು ಜಾಸ್ತಿ ತೋರಿಸುತ್ತೀರೋ? ತೋರಿಸಿದರೆ ಇನ್ನೂ ತೆರೆಮರೆಯಲ್ಲಿರಬೇಕಾದ ಶತ್ರು ಕಾಣಿಸಿಬಿಡಬಹುದು. ಏನೇ ಆಗಲಿ, ಅಡ್ಡಕ್ಕೂ ಉದ್ದಕ್ಕೂ ಬೇರೆ ಬೇರೆ ಪಟ್ಟು ಮಾತ್ರ ಹಾಕಬೇಡಿ. ಹಳೇ ಡಾಸ್ ಗೇಮ್‌ಗಳ ಚಿತ್ರ ಬಳಸುವವರಿಗೆ ಮಾತ್ರ ಇದಕ್ಕೆ ರಿಯಾಯಿತಿ. 1993ರ ಡೂಮ್ ತರಹದ ಗೇಮ್‌ಗಳು 320×200 ಚಿತ್ರವನ್ನು 4:3 ಪರದೆಗೆ ಹಾಕುತ್ತಿದ್ದವು, ಅಲ್ಲಿ ಪಿಕ್ಸೆಲ್ ಎತ್ತರ ಅಗಲದ 1.2 ಪಟ್ಟು. ಅದನ್ನು ಚೌಕ ಪಿಕ್ಸೆಲ್ ಮಾಡಿದರೆ ಎಲ್ಲ ಕುಳ್ಳಗಾಗುತ್ತದೆ.

ಅಕ್ಷರಗಳ ವಿಷಯದಲ್ಲಿ ಕನ್ನಡದವರಿಗೆ ಒಂದು ಹೆಚ್ಚಿನ ತೊಡಕಿದೆ. ಎಂಟು ಪಿಕ್ಸೆಲ್ ಎತ್ತರದಲ್ಲಿ ಇಂಗ್ಲಿಷ್ ಅಕ್ಷರ ಆರಾಮಾಗಿ ಕೂರುತ್ತದೆ. ‘ಲಕ್ಷ್ಮಿ’, ‘ಸ್ತ್ರೀ’ ಅನ್ನುವ ಪದಗಳಿಗೆ ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತುಗಳ ಸಾಲು, ಎಲ್ಲಕ್ಕೂ ಜಾಗ ಬೇಕು. 320×180ರಲ್ಲಿ ಸಂಭಾಷಣೆ ಬರೆದು ಆರು ಪಟ್ಟು ಹಿಗ್ಗಿಸಿದರೆ ಒತ್ತು ಯಾವುದು, ದೀರ್ಘ ಯಾವುದು ಗೊತ್ತಾಗುವುದಿಲ್ಲ. ಹಾಗಾಗಿ ಗೇಮ್‌ನ ಚಿತ್ರ ಹಿಗ್ಗಿದ ಮೇಲೆ, ಅದರ ಮೇಲೊಂದು ಪದರದಲ್ಲಿ, ಪರದೆಯ ಪೂರ್ತಿ ರೆಸಲ್ಯೂಶನ್‌ನಲ್ಲಿ ಪಠ್ಯ ಬರೆಯಿರಿ. ಗೋಡೋ 4 ಅಕ್ಷರ ಜೋಡಿಸುವ ಹಾರ್ಫ್‌ಬಜ್ ಲೈಬ್ರರಿ ಬಳಸುವುದರಿಂದ ಒತ್ತಕ್ಷರ ಸರಿಯಾಗಿ ಕೂಡಿಕೊಳ್ಳುತ್ತದೆ. ಸಾಲಿನ ಎತ್ತರ ಇಂಗ್ಲಿಷ್ ಅಳತೆಗೆ ಇಟ್ಟಿದ್ದರೆ ಒತ್ತು ಕತ್ತರಿಸಿಹೋಗುತ್ತದೆ, ಅದನ್ನೂ ನೋಡಿಕೊಳ್ಳಿ. ಯೂನಿಟಿಯಲ್ಲಿ ಬಟನ್, ಪಠ್ಯಗಳ ಗಾತ್ರ ನೋಡಿಕೊಳ್ಳುವ ಕ್ಯಾನ್ವಾಸ್ ಸ್ಕೇಲರ್ ಮೊದಲಿಗೆ ಕಾನ್‌ಸ್ಟಂಟ್ ಪಿಕ್ಸೆಲ್ ಸೈಜ್‌ನಲ್ಲಿರುತ್ತದೆ. ಹಾಗೇ ಬಿಟ್ಟರೆ 4ಕೆ ಪರದೆಯಲ್ಲಿ ಬಟನ್‌ಗಳು ಸಾಸಿವೆ ಕಾಳಾಗುತ್ತವೆ.

ಕೊನೆಯದಾಗಿ, ಗೇಮ್ ಶುರುವಾದಾಗ ಲಾಗ್‌ನಲ್ಲಿ ಒಂದು ಸಾಲು ಬರೆಸಿ: ಪರದೆಯ ಅಳತೆ, ವಿಂಡೋ ಅಳತೆ, ಬಫರ್ ಅಳತೆ, ಡಿಪಿಐ, ಹಾಕಿದ ಪಟ್ಟು, ಕಪ್ಪು ಪಟ್ಟಿ. ವಿಂಡೋ ಅಳತೆ ಬದಲಾದಾಗಲೆಲ್ಲ ಮತ್ತೆ ಬರೆಸಿ. ಮಂಜು ಅಂತ ದೂರು ಬಂದರೆ ಆ ಸಾಲನ್ನೂ ಆಟಗಾರರ ವಿಂಡೋಸ್ ಸೆಟ್ಟಿಂಗ್‌ನ ರೆಸಲ್ಯೂಶನ್ ಅನ್ನೂ ಕೇಳಿ ತರಿಸಿಕೊಳ್ಳಿ. ಸೆಟ್ಟಿಂಗ್‌ನಲ್ಲಿ 1920×1080 ಇದ್ದು ಲಾಗ್‌ನಲ್ಲಿ ಪರದೆ 1280×720, ಡಿಪಿಐ 96 ಅಂತಿದ್ದರೆ ಮ್ಯಾನಿಫೆಸ್ಟ್ ಬಿಲ್ಡ್‌ಗೆ ಸೇರಿಲ್ಲ. ಸಂಖ್ಯೆಗಳು ಹೊಂದಿಕೊಂಡಿದ್ದರೆ ಪರೀಕ್ಷಾ ಚಿತ್ರದ ಬಿಲ್ಡ್ ಕಳಿಸಿ, ಎರಡು ಸ್ಕ್ರೀನ್‌ಶಾಟ್ ಕೇಳಿ.